ಹಬರ್ಟ್ ಮಾವ ತಿಂದ ಮೀನು

ಟ್ರಿನಿಡಾಡಿನಿಂದ ಆಂಟಿಗಾ ದ್ವೀಪದ ರೆಸಾರ್ಟಿಗೆ ಬಂದಿಳಿದ ಮೊದಲ ಸಂಜೆಯೇ ರಾಲ್ಸ್ಟನ್ ಕ್ವಾಶಿ ತನ್ನ ಹೆಂಡತಿ ಓಡಿಹೋದ ಕಥೆ ಹೇಳಿದ. ಹೆಂಡತಿ ವರ್ನಾ ಅವನ ಪಕ್ಕದಲ್ಲೇ ಕೂತಿದ್ದಳು. ಕೇಳುವವರು ಹೊಸಬರು. ರೆಸಾರ್ಟಿನ ಒಡತಿ ಮಿಸ್ ಎನಿಡ್, ಬಾರ್ಬಡೋಸಿನಿಂದ ಬಂದಿದ್ದ ಒಂದು ಜೋಡಿ, ರಮ್ ಸುರಿಯುತ್ತಿದ್ದ ಬಾರಿನವನು. ಹೊಸಬರು ಸಿಕ್ಕರೆ ರಾಲ್ಸ್ಟನ್ನನ ಮುಖಕ್ಕೆ ಎಣ್ಣೆ ಹಚ್ಚಿದ ಹಾಗೆ ಹೊಳಪು ಬರುತ್ತಿತ್ತು.

ಕಥೆ ಚಿಕ್ಕದು. ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ವರ್ನಾ ಕಂದು ಬಣ್ಣದ ಸೂಟ್‌ಕೇಸು ಹಿಡಿದು, ಟೊಬೇಗೋದಲ್ಲಿದ್ದ ಅಕ್ಕನ ಮನೆಗೆ ಶಾಶ್ವತವಾಗಿ ಹೋಗುತ್ತೇನೆಂದು ಚೀಟಿ ಬರೆದಿಟ್ಟು, ಪೋರ್ಟ್ ಆಫ್ ಸ್ಪೇನಿನ ಬಂದರಿಗೆ ಹೋದಳು. ಅಂದು ಸಮುದ್ರ ಕೆರಳಿತ್ತು, ಹಡಗು ಹೊರಡಲಿಲ್ಲ. ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತಿದ್ದು ಮನೆಗೆ ವಾಪಸು ಬಂದಳು. ರಾಲ್ಸ್ಟನ್ ಊಟಕ್ಕೆ ಕೂತಿದ್ದ. ಇಷ್ಟು ಹೇಳಿ ಅವನು ನಿಲ್ಲಿಸುತ್ತಿದ್ದ. ಎಲ್ಲರೂ ಮುಂದಕ್ಕೆ ಬಾಗಿದ ಮೇಲೆ ಮುಗಿಸುತ್ತಿದ್ದ.

“ನಾನು ಕೇಳಿದ್ದು ಇಷ್ಟೇ. ‘ಬಂದ್ಯಾ? ಕೈ ತೊಳ್ಕೊ, ಪೆಲಾವ್ ಆರ್ತಾ ಇದೆ.’”

ಬಾರಿನವನು ನಕ್ಕು ಮೇಜು ತಟ್ಟಿದ. ಮಿಸ್ ಎನಿಡ್ ಮಾತ್ರ ವರ್ನಾಳ ಕಡೆ ನೋಡಿ, “ಏನಮ್ಮ ಮಾಡೋದು, ಆ ಹಡಗು ಹೊರಟಿದ್ರೆ ಇವರಿಗೆ ಹೇಳೋಕೆ ಕಥೆನೇ ಇರ್ತಿರಲಿಲ್ಲ,” ಎಂದಳು. ವರ್ನಾ ನಕ್ಕಳು. ಆ ಜಾಗದಲ್ಲಿ ನಗಬೇಕೆಂದು ಅವಳ ತುಟಿಗಳಿಗೆ ಅಭ್ಯಾಸವಾಗಿತ್ತು.

ಅವನು ಹೊಡೆದವನಲ್ಲ, ಕುಡಿದು ಬಿದ್ದವನಲ್ಲ, ಬೇರೆ ಹೆಣ್ಣಿನ ಹಿಂದೆ ಹೋದವನೂ ಅಲ್ಲ. ಪಾದ್ರಿಯ ಮುಂದಾಗಲಿ ಅಕ್ಕನ ಮುಂದಾಗಲಿ ಇಟ್ಟು ತೋರಿಸುವಂಥ ಗಾಯ ಅವಳಲ್ಲಿ ಇರಲಿಲ್ಲ. ಇದ್ದದ್ದು ಆ ಬೆಳಿಗ್ಗೆಯೊಂದೇ. ಬದುಕಿನಲ್ಲಿ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ತಾನಾಗಿ ಮಾಡಿದ ಒಂದೇ ಒಂದು ಕೆಲಸ. ಅದನ್ನು ಅವನು ಆ ದಿನ ಸಂಜೆಯೇ ಬೇಲಿಯಾಚೆಯ ನೆರೆಯವರಿಗೆ ನಗುತ್ತ ಹೇಳಿದ. ಆಮೇಲೆ ಮಕ್ಕಳ ನಾಮಕರಣಗಳಲ್ಲಿ ಹೇಳಿದ, ಅವರ ಮದುವೆಗಳಲ್ಲಿ ಹೇಳಿದ, ಅವಳ ಅಕ್ಕನ ಶವದ ಪೆಟ್ಟಿಗೆಯ ಪಕ್ಕದಲ್ಲಿ ನಿಂತೂ ಹೇಳಿದ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ನಾಚಿಕೆಯಾಗುತ್ತಿತ್ತು. ಈಗ ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಆಗಿತ್ತು. ಏನೋ ಆಗುತ್ತಿದೆಯೆಂದು ಗೊತ್ತಾಗುತ್ತಿತ್ತು, ನೋವು ತಿಳಿಯುತ್ತಿರಲಿಲ್ಲ.

ಬಿಟ್ಟು ಹೋಗಬಹುದಿತ್ತು. ಆದರೆ ಹೋದರೆ ಅದು ಕಥೆಯ ಎರಡನೆಯ ಭಾಗವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಅದನ್ನೂ ಹೇಳುತ್ತಾನೆ, ಜನ ಅದಕ್ಕೂ ಬಾಗಿ ಕಿವಿಗೊಡುತ್ತಾರೆ. ಅವನ ಬಾಯಿ ಇರುವಷ್ಟು ದಿನ ಅವಳು ಎಲ್ಲಿಗೆ ಹೋದರೂ ಆ ಬೆಂಚಿನ ಮೇಲೇ ಕೂತಿರಬೇಕು. ಈ ತೀರ್ಮಾನಕ್ಕೆ ಅವಳು ಬಂದದ್ದು ಕೋಪದಲ್ಲಲ್ಲ. ಕಿಟಕಿಯ ಪರದೆ ಹಳತಾಗಿದೆ, ಬದಲಾಯಿಸಬೇಕು ಎಂದುಕೊಳ್ಳುವಷ್ಟೇ ತಣ್ಣಗೆ, ಒಂದು ಬುಧವಾರ, ಬಟ್ಟೆಗೆ ಇಸ್ತ್ರಿ ಹಾಕುತ್ತ.

ದಾರಿ ತೋರಿಸಿದ್ದು ರಾಲ್ಸ್ಟನ್ನನೇ.

ಅವನ ಬಳಿ ಇನ್ನೊಂದು ಕಥೆಯಿತ್ತು, ಹಬರ್ಟ್ ಮಾವನದು. ರಾಲ್ಸ್ಟನ್ನನ ತಾಯಿಯ ತಮ್ಮ ಹಬರ್ಟ್ ಹರೆಯದಲ್ಲಿ ಟ್ರಿನಿಡಾಡ್ ಬಿಟ್ಟು ಆಂಟಿಗಾಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದ. ಅಲ್ಲಿ ರಸ್ತೆ ಬದಿಯಲ್ಲಿ ಅಂಜಲ್ ಎಂದು ಕೊಂಡ ಮೀನಿನ ತುಂಡು ನಿಜವಾಗಿ ಬ್ಯಾರಕುಡಾ ಆಗಿತ್ತು. ಕಡಲ ಬಂಡೆಸಾಲಿನ ಮೀನು ತಿಂದು ತಿಂದು ಬೆಳೆದ ದೊಡ್ಡ ಬ್ಯಾರಕುಡಾದ ಮಾಂಸದಲ್ಲಿ ಕೆಲವೊಮ್ಮೆ ವಿಷ ಕೂತಿರುತ್ತದೆ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮಾವ ಹೊಟ್ಟೆ ತುಂಬ ತಿಂದ. ವಾಂತಿ, ಭೇದಿ. ತುಟಿಗೆ ಜೋಮು ಹಿಡಿಯಿತು. ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ನಾಡಿ ಸೋಮಾರಿ ಎತ್ತಿನ ಹಾಗೆ ನಡೆಯತೊಡಗಿತು. ಆಗ ಡಾಕ್ಟರು ಹೇಳಿದರಂತೆ, “ಹಬರ್ಟ್, ನಿನ್ನ ಹೃದಯ ಗಟ್ಟಿ, ಬದುಕಿಕೊಂಡೆ. ಬಡಪಾಯಿ ಹೃದಯವಾಗಿದ್ದರೆ ಇಷ್ಟು ಹೊತ್ತಿಗೆ ಪೆಟ್ಟಿಗೆಗೆ ಅಳತೆ ತಗೋತಿದ್ವಿ.”

ಕಥೆಯಲ್ಲಿ ಡಾಕ್ಟರು ಬಂದ ಕೂಡಲೇ ವರ್ನಾ ಏಳುತ್ತಿದ್ದಳು. ಮದುವೆಗೆ ಮುಂಚೆ ಮೊದಲ ಸಲ ಕೇಳಿದಾಗ ಭಾವೀ ಅತ್ತೆ ಆ ಹೊತ್ತಿಗೇ ಅಡುಗೆಮನೆಗೆ ಕರೆದಿದ್ದರು. ಆಮೇಲೆ ಅದೇ ರೂಢಿಯಾಯಿತು. ಯಾರಿಗೋ ಕುಡಿಯಲು ಏನೋ ತರಬೇಕಿತ್ತು, ಇಲ್ಲವೇ ತನಗೇ ಬಾಯಾರಿಕೆ. ಅವಳು ನಲ್ಲಿ ತಿರುಗಿಸಿ ಲೋಟ ತುಂಬಿಸಿಕೊಳ್ಳುವಾಗ ಹಜಾರದಿಂದ ನಗುವಿನ ಅಲೆ ಬರುತ್ತಿತ್ತು. ಕಥೆಗೆ ಇನ್ನೂ ಒಂದು ಬಾಲವಿದೆ, ಅದು ನಗೆಯದು ಎಂಬಷ್ಟು ಅವಳಿಗೆ ಗೊತ್ತಿತ್ತು. ಅದೇನೆಂದು ತಿಳಿಯುವ ಆಸೆ ಹುಟ್ಟಿರಲಿಲ್ಲ. ಅವನ ಕಥೆಗಳ ಕೊನೆಯಲ್ಲಿ ಏನಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ರಾಲ್ಸ್ಟನ್ನನದು ಬಡಪಾಯಿ ಹೃದಯ. ಅದಕ್ಕೆ ದಿನಾ ಬೆಳಿಗ್ಗೆ ಮಾತ್ರೆ, ಆ ಮಾತ್ರೆಯಿಂದ ನಾಡಿ ಮೊದಲೇ ನಿಧಾನ. ಕಾಯಿಲೆ ಯಾವುದು, ಆಯುಧ ಯಾವುದು, ಎಲ್ಲವನ್ನೂ ಅವನೇ ವರ್ಷಗಟ್ಟಲೆ ಅವಳ ಕಿವಿಗೆ ತುಂಬಿದ್ದ. ಈ ಸಲ ಮದುವೆಯ ವಾರ್ಷಿಕೋತ್ಸವಕ್ಕೆ ಆಂಟಿಗಾಕ್ಕೆ ಹೋಗೋಣ ಎಂದು ಅವಳು ಅಂದಾಗ ಅವನಿಗೆ ಆದ ಖುಷಿ ಹೇಳತೀರದು. “ಹಬರ್ಟ್ ಮಾವನ ದ್ವೀಪ!” ಎಂದ.

ಅವಳು ಶಾಲೆಯಲ್ಲಿ ಹುಡುಗಿಯರಿಗೆ ಅಡುಗೆ, ಹೊಲಿಗೆ, ಮನೆವಾರ್ತೆ ಕಲಿಸಿದವಳು. ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವ ಜಾತಿಯಲ್ಲ. ಯಾರನ್ನೂ ಏನನ್ನೂ ಕೇಳಬಾರದು ಎಂಬುದು ಮೊದಲ ನಿಯಮ. ಕೇಳಿದವಳ ಮುಖ ಕೇಳಿಸಿಕೊಂಡವರಿಗೆ ನೆನಪಿರುತ್ತದೆ. ಗ್ರಂಥಾಲಯಕ್ಕೆ ಹೋಗಲಿಲ್ಲ. ಫೋನಿನಲ್ಲಿ ಹುಡುಕಲಿಲ್ಲ, ಅದು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆಂದು ಮಗಳು ಹೇಳಿದ್ದಳು. ಕಥೆಯಲ್ಲಿ ಇದ್ದಷ್ಟೇ ಸಾಕಿತ್ತು. ಎರಡನೆಯ ನಿಯಮ, ತಾನೂ ಕಾಯಿಲೆ ಬೀಳಬೇಕು. ಗಂಡ ಸತ್ತು ಹೆಂಡತಿ ಗುಂಡುಕಲ್ಲಿನ ಹಾಗಿದ್ದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಇಬ್ಬರೂ ಒಂದೇ ಮೀನು ತಿಂದು, ಇಬ್ಬರೂ ಮಲಗಿ, ಒಬ್ಬಳು ಎದ್ದರೆ ಅದು ಬರೀ ದುರದೃಷ್ಟ. ಉಪ್ಪುನೀರು ಕುಡಿದರೆ ವಾಂತಿ ತಾನಾಗಿ ಬರುತ್ತದೆ. ತುಟಿಯ ಜೋಮು, ಬೆರಳಿನ ಇರುವೆ, ಇವನ್ನು ಯಾವ ಯಂತ್ರವೂ ಅಳೆಯಲಾರದು. ಹೇಳಿದರೆ ನಂಬಬೇಕು.

ಜೋಮಿನ ವಿಷಯದಲ್ಲಿ ನಟಿಸುವ ಅಗತ್ಯವೂ ಇಲ್ಲವೆಂದು ಅವಳಿಗೆ ಅನ್ನಿಸಿತ್ತು.

ಮೊದಲ ಕೆಲವು ದಿನ ಅವರು ಬೇರೆ ಜೋಡಿಗಳು ಮಾಡುವುದನ್ನೇ ಮಾಡಿದರು. ಹಳೆಯ ಹಡಗುಕಟ್ಟೆ ನೋಡಿದರು, ಅರ್ಧಚಂದ್ರದ ಕಡಲತೀರದಲ್ಲಿ ಕಾಲು ತೊಯಿಸಿಕೊಂಡರು, ಗುಡ್ಡದ ಮೇಲೆ ಸ್ಟೀಲ್ ಬ್ಯಾಂಡಿನ ಮುಂದೆ ಸುಟ್ಟ ಕೋಳಿ ತಿಂದರು. ರಾಲ್ಸ್ಟನ್ ಅಲ್ಲಿ ಅವಳ ಸೊಂಟಕ್ಕೆ ಕೈ ಹಾಕಿ ಕುಣಿದ. ಅವನ ಅಂಗಿ ಬೆವರಿಗೆ ಅಂಟಿತ್ತು. ಅವಳು ಅವನ ಭುಜದ ಮೇಲಿಂದ ಬಂದರಿನಲ್ಲಿ ನಿಂತಿದ್ದ ಹಾಯಿಗಳನ್ನು ನೋಡುತ್ತ ಹೆಜ್ಜೆ ಹಾಕಿದಳು.

ಗುರುವಾರ ಬಾರ್ಬುಡಾಕ್ಕೆ ದೋಣಿ ಪ್ರವಾಸವಿತ್ತು. ಅಲ್ಲಿನ ತಂಗಿಯನ್ನು ನೋಡಲು ಮಿಸ್ ಎನಿಡ್ ಕೂಡ ಹೊರಟಿದ್ದಳು. ದೋಣಿಯ ಯಜಮಾನ ಕ್ಯಾಪ್ಟನ್ ಜಾಶುವಾ ಹೋಗುವ ದಾರಿಯುದ್ದಕ್ಕೂ ಹಿಂದೆ ಗಾಳದ ದಾರ ಬಿಟ್ಟಿರುತ್ತಿದ್ದ. ಬಂಡೆಸಾಲು ದಾಟುವಾಗ ದಾರ ಬಿಗಿಯಿತು. ಮೇಲೆ ಬಂದದ್ದು ಮನುಷ್ಯನ ಕಾಲಿನಷ್ಟು ಉದ್ದದ ಬ್ಯಾರಕುಡಾ. ಹಲ್ಲು ಕಿರಿದುಕೊಂಡು ಹಲಗೆಯ ಮೇಲೆ ಬಡಿದಾಡಿತು.

“ಸುಟ್ಕೊಂಡು ತಿನ್ನೋಣ,” ಎಂದ ಬಾರ್ಬಡೋಸಿನವನು. ಅವನ ಊರಿನಲ್ಲಿ ಅದನ್ನು ತಿನ್ನುತ್ತಾರೆ.

“ನಿಮ್ಮೂರಲ್ಲಿ ತಿನ್ನಿ ಸ್ವಾಮಿ. ಈ ಬಂಡೆದು, ಈ ಗಾತ್ರದ್ದು, ನಾನು ಅತ್ತೆಗೂ ಬಡಿಸಲ್ಲ,” ಎಂದ ಜಾಶುವಾ. “ಅತ್ತೆ ಅಂದ್ರೆ ನಂಗೆ ಅಷ್ಟಕ್ಕಷ್ಟೇ.” ಅವನು ಅದನ್ನು ದಪ್ಪ ದಪ್ಪ ತುಂಡುಗಳಾಗಿ ಕಡಿದು, ಏಡಿ ಬಲೆಗೆ ಆಗುತ್ತದೆಂದು ಹಿಂಬದಿಯ ಬಕೆಟ್ಟಿಗೆ ಎಸೆದ.

ರಾಲ್ಸ್ಟನ್ ಬಿಡುತ್ತಾನೆಯೆ? “ನಮ್ಮ ಹಬರ್ಟ್ ಮಾವ ಇದೇ ಊರಲ್ಲಿ…” ಎಂದು ಶುರು ಮಾಡಿದ. ಮಿಸ್ ಎನಿಡ್ ಟೋಪಿ ಸರಿಪಡಿಸಿಕೊಂಡು ಹತ್ತಿರ ಸರಿದಳು. ಕ್ಯಾಪ್ಟನ್ ಕೂಡ ಚುಕ್ಕಾಣಿ ಹಿಡಿದೇ ಕಿವಿ ಇತ್ತ ಕೊಟ್ಟ. ಎಲ್ಲರ ಬೆನ್ನು ದೋಣಿಯ ಹಿಂಬದಿಗಿತ್ತು. ವರ್ನಾ ಎದ್ದು ಹೋದಳು. ಅವಳ ಚೀಲದಲ್ಲಿ ತಂಪು ಡಬ್ಬಿಯೂ ಅದರೊಳಗೆ ಎರಡು ಪದರದ ಪ್ಲಾಸ್ಟಿಕ್ಕೂ ಇದ್ದವು. ಒಂದು ದಪ್ಪ ತುಂಡನ್ನು ಎತ್ತಿ ಅದರಲ್ಲಿ ಸುತ್ತಿದಳು. ಚೀಲದ ಜಿಪ್ ಎಳೆದು ಸಮುದ್ರದ ನೀರಿನಲ್ಲಿ ಕೈ ಅದ್ದುತ್ತಿರುವಾಗ ಹಿಂದಿನಿಂದ ನಗು ಸಿಡಿಯಿತು. ಮಿಸ್ ಎನಿಡ್ ಬಿದ್ದು ಬಿದ್ದು ನಗುತ್ತಿದ್ದಳು. “ಹಾಗೇ ಆಗೋದು! ನಮ್ಮಣ್ಣನಿಗೂ ಹಾಗೇ ಆಗಿತ್ತು!” ಎನ್ನುತ್ತಿದ್ದಳು.

ವರ್ನಾ ಕೈ ಒರೆಸಿಕೊಂಡಳು. ಅವನ ಕಥೆ ಅವಳಿಗೆ ಒಂದು ಸಲವಾದರೂ ಉಪಯೋಗಕ್ಕೆ ಬಂದಿತ್ತು.

ಎಲ್ಲ ಬ್ಯಾರಕುಡಾದಲ್ಲೂ ವಿಷ ಇರುವುದಿಲ್ಲ. ಕಥೆಯ ಮೊದಲರ್ಧದಲ್ಲಿ ಅದಕ್ಕೂ ಉತ್ತರವಿತ್ತು. ಅನುಮಾನದ ಮೀನನ್ನು ಹಳಬರು ಮೊದಲು ಬೆಕ್ಕಿಗೆ ಹಾಕುತ್ತಾರೆ. ಅವರ ಕುಟೀರದ ಹಿಂದೆ, ಸಮುದ್ರದ್ರಾಕ್ಷಿ ಮರದ ಬುಡದಲ್ಲಿ, ಕಿವಿ ಹರಿದ ಒಂದು ಬೀದಿ ಬೆಕ್ಕು ಮಲಗಿರುತ್ತಿತ್ತು. ರಾಲ್ಸ್ಟನ್ ಅದಕ್ಕೆ ‘ಮಂತ್ರಿ’ ಎಂದು ಹೆಸರಿಟ್ಟಿದ್ದ. ಅವನು ಸ್ನಾನಕ್ಕೆ ಹೋದಾಗ ವರ್ನಾ ಅದಕ್ಕೆ ಒಂದು ಚೂರು ಹಾಕಿದಳು. ಮರುದಿನ ಅದು ಹಿಂಗಾಲು ಎಳೆದುಕೊಂಡು ನಡೆಯುತ್ತಿತ್ತು.

ಅದನ್ನು ಮೊದಲು ಕಂಡವನು ರಾಲ್ಸ್ಟನ್. “ಏ ವರ್ನಾ, ನಮ್ಮ ಮಂತ್ರಿಗಳಿಗೆ ಏನಾಯ್ತು ನೋಡು. ಎಲ್ಲೋ ಕೆಟ್ಟ ಮೀನು ತಿಂದಿದ್ದಾರೆ, ಹಬರ್ಟ್ ಮಾವನ ಹಾಗೆ,” ಎಂದ. ಅವಳು ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಕಿಟಕಿಯಿಂದ ನೋಡಿದರೆ ಅವನು ಫ್ರಿಜ್ಜಿನ ಹಾಲನ್ನು ಬಟ್ಟಲಿಗೆ ಸುರಿದು, ಬೆಕ್ಕಿನ ಮುಂದಿಡದೆ, ಸುಡುವ ಬಿಸಿಲಿನ ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ಹಾಲು ಕೆಡಿಸುವ ಕೆಲಸ. ಬಹಳ ಹೊತ್ತಿನ ಮೇಲೆ ಬಟ್ಟಲನ್ನು ಬೆಕ್ಕಿನ ಬಾಯಿಯ ಹತ್ತಿರ ಸರಿಸಿ ಏನೋ ಮಾತಾಡುತ್ತಿದ್ದ. ಬೆಕ್ಕಿಗೂ ಕಥೆ.

ಸಂಜೆಗೆ ಬೆಕ್ಕು ಕಾಣಲಿಲ್ಲ. ರಾಲ್ಸ್ಟನ್ ಪೊದೆಗಳನ್ನು ಸರಿಸಿ ಸರಿಸಿ ಕರೆದ. ಅವಳಿಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸುತ್ತದೆಯೋ ಎಂದು ಒಂದು ಗಳಿಗೆ ಕಾದು ನೋಡಿದಳು. ಏನೂ ಆಗಲಿಲ್ಲ. ಅಕ್ಕಿ ತೊಳೆಯಲು ಹೋದಳು.

ಶನಿವಾರ ಮಿಸ್ ಎನಿಡ್‌ಳ ಜೊತೆಗೇ ಪೇಟೆಗೆ ಹೋಗಿ, ಹೆದ್ದಾರಿಯ ಪಕ್ಕ ಗಾಡಿಯಲ್ಲಿ ಮೀನು ಮಾರುವ ಅಪರಿಚಿತನೊಬ್ಬನಿಂದ ಅಂಜಲ್ ತುಂಡು ಕೊಂಡಳು. ಸಾಕ್ಷಿ ಪಕ್ಕದಲ್ಲೇ ನಿಂತಿದ್ದಳು. ಒಂದೇ ಮರದ ಹಲಗೆಯ ಮೇಲೆ ಹತ್ತಾರು ಮೀನು ಕಡಿಯುವವನು ಅವನು. ನಡುವೆ ಒಂದು ಬೇರೆ ಮೀನಿನ ತುಂಡು ಸೇರಿತೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಚರ್ಮ ಸುಲಿದು ಮಸಾಲೆ ಹಚ್ಚಿದ ಮೇಲೆ ಎರಡನ್ನೂ ಬೇರೆ ಮಾಡಿ ಹೇಳುವುದು ಮೀನುಗಾರನಿಗೂ ಕಷ್ಟ.

“ಜೊತೆಗೆ ಏನು ಮಾಡ್ತೀಯಮ್ಮ? ಫಂಜಿ?” ಎಂದು ಮಿಸ್ ಎನಿಡ್ ಕೇಳಿದಳು.

“ನಮ್ಮಲ್ಲಿ ಅದಕ್ಕೆ ಕೂಕೂ ಅಂತೀವಿ.”

“ನೀವು ಟ್ರಿನಿಡಾಡಿನವರು ಮೆಕ್ಕೆಜೋಳದ ಹಿಟ್ಟು ತಿರುವೋದನ್ನೂ ನಾವೇ ಕಂಡುಹಿಡಿದ್ವಿ ಅಂತೀರಿ. ಬೆಂಡೆಕಾಯಿ ಚೆನ್ನಾಗಿ ಹಾಕು, ನಿನ್ನ ಗಂಡ ಸಣ್ಣಗಾಗಿದಾನೆ.”

ಭಾನುವಾರ ಮಧ್ಯಾಹ್ನ ವರಾಂಡದಲ್ಲಿ ಊಟ. ಎರಡು ಬಾಣಲೆ, ಎರಡು ತಟ್ಟೆ. ನಿಂಬೆ, ಹಸಿ ಮಸಾಲೆ, ಈರುಳ್ಳಿ, ಟೊಮೆಟೊ. ಅವನದಕ್ಕೆ ಒಂದು ಮೆಣಸು ಹೆಚ್ಚು, ಅವನಿಗೆ ಇಷ್ಟ. ರಾಲ್ಸ್ಟನ್ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದ. ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು, ಕೊನೆಗೆ ಕಾಣೆಯಾದ ಬೆಕ್ಕಿನ ಹೆಸರನ್ನೂ ಸೇರಿಸಿದ. ಆಮೇಲೆ ತಿನ್ನತೊಡಗಿದ. ಬಾಯಿ ತುಂಬ ತಿಂದ. ಅವಳು ತನ್ನ ಅಂಜಲ್ ತಿನ್ನುತ್ತ, ಸಮುದ್ರ ನೋಡುತ್ತ, ಇದೂ ಒಂದು ಊಟವೇ ಅಂದುಕೊಂಡಳು.

ಅವಳ ಲೆಕ್ಕದಲ್ಲಿ ಇಲ್ಲದ್ದು ಒಂದು ನಡೆಯಿತು. ಅವನು ತನ್ನ ಮೀನಿನ ಹೊಟ್ಟೆಭಾಗದ ಮೆತ್ತನೆಯ ತುಂಡನ್ನು ಬಿಡಿಸಿ ಅವಳ ತಟ್ಟೆಗಿಟ್ಟ. ಮದುವೆಯಾದಾಗಿನಿಂದ ಹಾಗೆಯೇ, ಮೀನಿನ ಆ ಭಾಗ ಅವಳದು. ಅವಳು ಅದನ್ನು ಮರೆತಿದ್ದಳು.

“ತಿನ್ನು. ಇವತ್ತು ನಿನ್ನ ಕೈ ಚೆನ್ನಾಗಿ ಕೂತಿದೆ.”

“ಕೊನೇಗೆ ತಿಂತೀನಿ,” ಎಂದಳು ವರ್ನಾ. ಅವನು ಬಾಟಲಿ ತರಲು ಎದ್ದಾಗ ಅದನ್ನು ಮುಳ್ಳುಗಳ ಜೊತೆ ಕಾಗದದಲ್ಲಿ ಸುತ್ತಿದಳು. ಅವನು ತಿರುಗಿ ಬಂದು ಅವಳ ಖಾಲಿ ತಟ್ಟೆ ನೋಡಿ ತೃಪ್ತಿಯಿಂದ ತಲೆಯಾಡಿಸಿದ. ಅವಳ ಎದೆಯಲ್ಲಿ ಎಲ್ಲೋ, ಬಹಳ ಕೆಳಗೆ, ಏನೋ ಮಿಸುಕಿದಂತಾಯಿತು. ಹೊರಬರಲಿಲ್ಲ. ಪಾತ್ರೆ ತೊಳೆದಳು, ಬಾಣಲೆಗಳನ್ನು ಬೂದಿ ಹಾಕಿ ಉಜ್ಜಿದಳು, ಮುಳ್ಳಿನ ಪೊಟ್ಟಣವನ್ನು ಸಮುದ್ರಕ್ಕೆ ಕೊಟ್ಟಳು.

ಇಳಿಬಿಸಿಲಿನ ಹೊತ್ತಿಗೆ ಅವನಿಗೆ ಶುರುವಾಯಿತು. ಕಥೆಯಲ್ಲಿ ಇದ್ದ ಹಾಗೆಯೇ, ಅದೇ ಕ್ರಮದಲ್ಲಿ. ಹೊಟ್ಟೆ, ಆಮೇಲೆ ತುಟಿ, ಆಮೇಲೆ ಬೆರಳು. “ವರ್ನಾ, ಇದು ಮೀನು. ಮಾವನ ಮೀನು,” ಎಂದ ಅವನು. ಅದು ಅವಳ ಮಟ್ಟಿಗೆ ಒಳ್ಳೆಯದೇ ಆಯಿತು. ಆಂಬುಲೆನ್ಸಿಗೆ ಫೋನು ಮಾಡಿದವಳು ಅವಳೇ, ಅವಸರವಿಲ್ಲದೆ, ಆದರೆ ಯಾರೂ ತಡವಾಯಿತೆನ್ನದಷ್ಟು ಬೇಗ. ಅಷ್ಟರಲ್ಲಿ ಉಪ್ಪುನೀರು ಕುಡಿದು ಮಿಸ್ ಎನಿಡ್ ಕಾಣುವಂತೆ ಮೆಟ್ಟಿಲ ಮೇಲೇ ವಾಂತಿ ಮಾಡಿದಳು. ಒಳಗೆ ಬಂದು, ಒದ್ದೆ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದ ಬಟ್ಟೆಯನ್ನು ಗಂಡನ ಹಣೆಗೆ ಹಾಕಿದಾಗ ಅವನು ಕಿರುಚಿ ಕಿತ್ತೆಸೆದ.

“ಸುಡ್ತದೆ, ಸುಡ್ತದೆ ಕಣೇ!”

ಜ್ವರದ ತಾಪಕ್ಕೆ ಬಡಬಡಿಸುತ್ತಿದ್ದಾನೆ ಅಂದುಕೊಂಡಳು. ಮೈ ಮುಟ್ಟಿ ನೋಡಿದರೆ ಜ್ವರವೇ ಇರಲಿಲ್ಲ. ಅವನು ಅವಳ ಕೈ ಹಿಡಿದು, “ನಿಂಗೂ ಆಗ್ತಾ ಇದೆಯಾ?” ಎಂದು ಕೇಳಿದ. ಆಗುತ್ತಿದೆ ಎಂದಳು. “ಹೆದರ್ಕೋಬೇಡ. ಮಾವ ಬದುಕಿದ,” ಎಂದ. ಅವನು ಅವಳ ಜೊತೆ ಆಡಿದ ಕೊನೆಯ ಮಾತು ಅದು.

ಆಸ್ಪತ್ರೆಯಲ್ಲಿ, ಬೆಳಗಾಗುವ ಹೊತ್ತಿಗೆ ಅವನ ನಾಡಿ ನಿಂತಿತು. ಡಾಕ್ಟರು ಅವಳ ಹಾಸಿಗೆಯ ಪಕ್ಕ ಬಂದು ತಗ್ಗಿದ ದನಿಯಲ್ಲಿ ಹೇಳಿದರು. ಮೀನಿನ ವಿಷವೇ, ಅನುಮಾನವಿಲ್ಲ, ಹೃದಯ ತಡೆಯಲಿಲ್ಲ. ಅವಳು ಗೋಡೆ ನೋಡಿದಳು. ಅಳು ಬರದಿದ್ದುದನ್ನು ಅವರು ಆಘಾತ ಎಂದರು. ನಿಮಗೂ ಕೈಕಾಲು ಜುಮ್ಮೆನ್ನುತ್ತದೆಯೇ ಎಂದು ನರ್ಸು ಕೇಳಿದಾಗ ಹೌದೆಂದಳು, ತುಟಿಗೆ ಮುಟ್ಟಿದ್ದೇ ತಿಳಿಯುವುದಿಲ್ಲ ಎಂದಳು. ನರ್ಸು ಇನ್ನೇನನ್ನೂ ಕೇಳಲಿಲ್ಲ, ಒಂದೇ ಊಟ ಮಾಡಿದವರಲ್ಲವೇ? ತೋಳಿಗೆ ಸೂಜಿ ಹಾಕಿ ಡ್ರಿಪ್ ಏರಿಸಿದರು. ಎಲ್ಲವೂ ಹೊಲಿಗೆ ಬಿಟ್ಟುಕೊಳ್ಳದ ಅಂಗಿಯ ಹಾಗೆ ಕೂತಿತ್ತು. ಸೇವೆಯೊಂದು ಮಾತ್ರ ಅವಳಿಗೆ ಹಿಡಿಸಲಿಲ್ಲ. ವಾರ್ಡು ಕಾದ ಒಲೆಯ ಹಾಗಿದ್ದರೂ ಅವಳ ಪಕ್ಕದಲ್ಲಿ ಇಟ್ಟಿದ್ದ ಹೂಜಿಯ ನೀರು ಉಗುರುಬೆಚ್ಚಗಿತ್ತು. ಮೈ ಒರೆಸಲು ತಂದದ್ದೂ ಬಿಸಿನೀರೇ. ಎದುರು ಹಾಸಿಗೆಯವಳಿಗೆ ಐಸು ಹಾಕಿದ ನೀರು ಕೊಟ್ಟಿದ್ದರು. ಪರದೇಶದವಳೆಂದು ಅಸಡ್ಡೆ ಇರಬೇಕು.

ಮಧ್ಯಾಹ್ನ ಪೊಲೀಸ್ ಸಾರ್ಜೆಂಟ್ ಪೆಲ್ ಎಂಬಾತ ಬಂದು ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತ. ದಪ್ಪನೆಯ, ಸಾವಧಾನದ ಮನುಷ್ಯ. ಅವನಿಗೆ ಬೇಕಾಗಿದ್ದದ್ದು ಆ ಗಾಡಿಯವನ ಚಹರೆ. ಇನ್ನೊಬ್ಬರು ತಿನ್ನುವ ಮುಂಚೆ ಹಿಡಿಯಬೇಕು ಎಂದ. ವರ್ನಾ ನಿಧಾನವಾಗಿ ಎಲ್ಲ ಹೇಳಿದಳು. ಒಂದೇ ಮೀನು, ಒಂದೇ ಬಾಣಲೆ, ಇಬ್ಬರಿಗೂ ಸಮಪಾಲು. ಹೊಟ್ಟೆಭಾಗದ ಒಳ್ಳೆಯ ತುಂಡನ್ನು ಗಂಡ ತನಗೇ ಕೊಟ್ಟನೆಂದೂ ಹೇಳಿದಳು. ಅದು ನಿಜವಾಗಿದ್ದರಿಂದ ದನಿ ಒಂದಿಷ್ಟು ತಡವರಿಸಿತು. ಸಾರ್ಜೆಂಟ್ ತಲೆ ತಗ್ಗಿಸಿದ.

ಮಿಸ್ ಎನಿಡ್ ಬುಟ್ಟಿ ಹಿಡಿದು ಬಂದಳು. ಅತ್ತು ಅತ್ತು ಅವಳ ಮುಖ ಊದಿತ್ತು. ವರ್ನಾಳಿಗೆಂದು ಫ್ಲಾಸ್ಕಿನಲ್ಲಿ ಬೆಚ್ಚನೆಯ ಸೊಪ್ಪಿನ ಕಷಾಯ, ಸಾರ್ಜೆಂಟಿಗೆ ಐಸು ತುಂಬಿದ ಹುಣಸೆಹಣ್ಣಿನ ಪಾನಕ. ಅವನು ಅದನ್ನು ಕುಡಿಯದೆ ವರ್ನಾಳ ತಲೆದೆಸೆಯ ಪೆಟ್ಟಿಗೆಯ ಮೇಲಿಟ್ಟ. ಲೋಟದ ಹೊರಮೈ ಬೆವರಿ ನೀರು ಹರಿಯುತ್ತಿತ್ತು.

“ಇಂಥ ನಗಿಸೋ ಮನುಷ್ಯನಿಗೆ ಇಂಥ ಸಾವಾ?” ಎಂದಳು ಮಿಸ್ ಎನಿಡ್. “ಗುರುವಾರ ದೋಣೀಲಿ ಇದೇ ಮೀನಿನ ಕಥೆ ಹೇಳಿ ನಮ್ಮ ಹೊಟ್ಟೆ ಹುಣ್ಣು ಮಾಡಿದ್ರು, ಸಾರ್ಜೆಂಟ್. ಅವರ ಮಾವ ಹಬರ್ಟ್ ಅಂತ, ಇಲ್ಲೇ ಗಾರೆ ಕೆಲಸಕ್ಕಿದ್ದೋನು.” ಕಣ್ಣೊರೆಸಿಕೊಂಡು ಅವಳು ಶುರು ಮಾಡಿದಳು, ರಾಲ್ಸ್ಟನ್ನನ ಹಾಗೆಯೇ ಕೈ ಆಡಿಸುತ್ತ, ಅವನು ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸುತ್ತ. ರಸ್ತೆಬದಿಯ ಅಂಜಲ್. ತುಟಿಯ ಜೋಮು. ಸೋಮಾರಿ ಎತ್ತು. ವರ್ನಾ ಕಣ್ಣು ಮುಚ್ಚಿದಳು. ಅವನು ಸತ್ತು ಒಂದು ಹಗಲು ಕೂಡ ಕಳೆದಿರಲಿಲ್ಲ. ಆಗಲೇ ಕಥೆ ಇನ್ನೊಂದು ಬಾಯಿ ಹುಡುಕಿಕೊಂಡಿತ್ತು. ‘ನಿನ್ನ ಹೃದಯ ಗಟ್ಟಿ, ಹಬರ್ಟ್,’ ಎಂದು ಡಾಕ್ಟರು ಹೇಳಿದ ಜಾಗ ಬಂತು. ಏಳಬೇಕೆಂದು ಅವಳ ಕಾಲುಗಳು ಮಿಸುಕಿದವು. ತೋಳಿನ ಡ್ರಿಪ್ ಜಗ್ಗಿತು. ಎದ್ದು ಹೋಗಲು ಅಡುಗೆಮನೆ ಇರಲಿಲ್ಲ, ತಿರುಗಿಸಲು ನಲ್ಲಿ ಇರಲಿಲ್ಲ. ವರ್ಷಗಳ ಅಭ್ಯಾಸದ ಕೈ ತಾನಾಗಿ ಪಕ್ಕಕ್ಕೆ ಚಾಚಿ ಸಿಕ್ಕಿದ ಲೋಟವನ್ನು ಎತ್ತಿಕೊಂಡಿತು.

ಅವಳು ಕುಡಿದಳು. ಬೆಳಿಗ್ಗೆಯಿಂದ ಆ ಉಗುರುಬೆಚ್ಚನೆಯ ನೀರು ಕುಡಿದ ಗಂಟಲಿಗೆ ಹಾಯೆನಿಸಿತು. ಒಂದೇ ಗುಟುಕಿಗೆ ಅರ್ಧ, ಇನ್ನೊಂದು ಗುಟುಕಿಗೆ ಪೂರ್ತಿ. ಕೊನೆಯ ಐಸಿನ ತುಂಡನ್ನು ನಾಲಗೆಯ ಮೇಲೆ ಹೊರಳಿಸುತ್ತ ತಣ್ಣನೆಯ ಲೋಟವನ್ನು ತುಟಿಗೆ, ಕೆನ್ನೆಗೆ ಒತ್ತಿಕೊಂಡಳು. ಮಿಸ್ ಎನಿಡ್ ಅಳುತ್ತಲೂ ನಗುತ್ತಲೂ ಸಾರ್ಜೆಂಟಿನ ಕಡೆ ತಿರುಗಿ ಕೊನೆ ಮುಟ್ಟಿಸುತ್ತಿದ್ದಳು: “ಬದುಕಿಕೊಂಡೆ ಅಂತ ಮಾವ ಮನೆಗೆ ಬಂದು, ಐಸಿನ ಡಬ್ಬಿಯಿಂದ ಬಿಯರ್ ತೆಗೆದು ಬಾಯಿಗಿಟ್ಟನಂತೆ. ಅಯ್ಯೋ ಅಂತ ಬಾಟಲಿ ಎಸೆದು, ‘ಲೇ, ಯಾವಳೇ ನನ್ನ ಬಿಯರ್ ಕುದಿಸಿಟ್ಟೋಳು?’ ಅಂತ ಹೆಂಡ್ತೀನ ಅಂಗಳ ತುಂಬ ಅಟ್ಟಿಸಿಕೊಂಡು ಹೋದನಂತೆ. ತಿಂಗಳುಗಟ್ಟಲೆ ಬಿಯರನ್ನ ಬಿಸಿಲಿಗಿಟ್ಟು ಕುಡೀತಿದ್ದನಂತೆ. ನಿಮಗೆ ಹೇಳಬೇಕಾ ಸಾರ್ಜೆಂಟ್, ಈ ಮೀನು ಹತ್ತಿದೋರಿಗೆ ತಣ್ಣಗಿದ್ದದ್ದೆಲ್ಲ ಕೆಂಡ ಅಂತ ಇಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತು. ಅದಕ್ಕೇ ನಾನು ಇವಳಿಗೆ ಕಷಾಯ…” ಎನ್ನುತ್ತ ಅವಳು ವರ್ನಾಳ ಕಡೆ ತಿರುಗಿದಳು. ನಗು ಅವಳ ಮುಖದ ಮೇಲೆಯೇ ನಿಂತಿತು. ಸಾರ್ಜೆಂಟ್ ಆಗಲೇ ಅತ್ತ ನೋಡುತ್ತಿದ್ದ, ವರ್ನಾಳ ಮುಖವನ್ನಲ್ಲ, ಕೆನ್ನೆಗೆ ಒತ್ತಿಕೊಂಡಿದ್ದ ಖಾಲಿ ಲೋಟವನ್ನು. ವರ್ನಾ ಆ ಕಥೆಯನ್ನು ಮೊದಲ ಸಲ ಕೊನೆಯವರೆಗೆ ಕೇಳಿದ್ದಳು, ಬಾಯಲ್ಲಿ ಐಸು ಮೆಲ್ಲಗೆ ಕರಗುತ್ತಿತ್ತು.